ದ್ವೀಪಗಳ ಕಡೆ ದೋಣಿ ಒಯ್ಯುವವರಿಗೆ ಯಾವ ಚಾರ್ಟ್, ಯಾವ ಪುಸ್ತಕ? ಕ್ಯಾಪ್ಟನ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ಗುಂಪಿನ ಕ್ಯಾಪ್ಟನ್ ನಿಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಸರಕು ಹಡಗಿನಲ್ಲಿ 27 ವರ್ಷ ಇದ್ದವರು. ಆಮೇಲೆ 9 ವರ್ಷ ಬೇರೆಯವರ ಹಾಯಿದೋಣಿಗಳನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ತಲುಪಿಸಿದವರು. ವಿಷಯ ಒಂದೇ: ಬಿಸಿಲು ನಾಡಿನ ದ್ವೀಪಗಳಿಗೆ ಹೋಗುವಾಗ ಯಾವ ಚಾರ್ಟ್ (ಸಮುದ್ರದ ನಕ್ಷೆ), ಯಾವ ಗೈಡ್‌ಬುಕ್ ನಂಬಬೇಕು. ವೀಸಾ, ಪರ್ಮಿಟ್ ಪ್ರಶ್ನೆ ದಯವಿಟ್ಟು ಬೇಡ.

ಸಿಂಗಾಪುರ ಕನ್ನಡಿಗ: ಸರ್, ಮೊದಲ ಪ್ರಶ್ನೆ ನನ್ನದೇ. ಯಾವ ಆಪ್ ಒಳ್ಳೆಯದು? ಪುಕ್ಕಟೆ ಇದ್ದರೆ ಇನ್ನೂ ಒಳ್ಳೆಯದು.

ಕ್ಯಾಪ್ಟನ್: ಲ್ಯಾಪ್‌ಟಾಪಿಗೆ ಓಪನ್‌ಸಿಪಿಎನ್ ಪುಕ್ಕಟೆ. ಆದರೆ ಅದು ಚಾರ್ಟ್ ತೋರಿಸುವ ಸಾಧನ ಅಷ್ಟೆ, ಚಾರ್ಟನ್ನು ನೀವೇ ತಂದು ಹಾಕಬೇಕು. ಅಮೆರಿಕದ ನೀರಿಗೆ ಅಲ್ಲಿನ ಸರ್ಕಾರಿ ಸಂಸ್ಥೆ ನೋವಾದ ಚಾರ್ಟುಗಳು ಪುಕ್ಕಟೆ ಸಿಗುತ್ತವೆ. ನಮ್ಮ ಕಡೆಯ ಸಮುದ್ರಕ್ಕೆ ದುಡ್ಡು ಕೊಡಬೇಕು. ಫೋನಿಗೆ ನೇವಿಯಾನಿಕ್ಸ್ ಇದೆ, ಸಿ-ಮ್ಯಾಪ್ ಇದೆ. ಒಂದನ್ನು ಫೋನಿಗೆ ಹಾಕಿ, ಇನ್ನೊಂದನ್ನು ದೋಣಿಯ ಪ್ಲಾಟರಿಗೆ (ಚಾರ್ಟ್ ತೋರಿಸುವ ಪರದೆ) ಹಾಕಿ. ಎರಡೂ ಕಡೆ ಒಂದೇ ಕಂಪನಿಯದ್ದು ಇದ್ದರೆ ಒಂದರ ತಪ್ಪು ಇನ್ನೊಂದರಲ್ಲಿ ಕಾಣುವುದಿಲ್ಲ.

ಲಂಕಾವಿ ದಂಪತಿ: ನಮಸ್ಕಾರ ಸರ್. ನಾವು ಮೈಸೂರಿನವರು, ಪೆನಾಂಗ್‌ಗೆ ಬಂದು 11 ವರ್ಷ ಆಯಿತು. ಲಂಕಾವಿಯಲ್ಲಿ 38 ಅಡಿಯ ಹಳೆಯ ಹಾಯಿದೋಣಿ ಕೊಂಡಿದ್ದೇವೆ. ಡ್ರಾಫ್ಟ್, ಅಂದರೆ ನೀರಿನೊಳಗೆ ಮುಳುಗಿರುವ ಭಾಗದ ಆಳ, 1.9 ಮೀಟರ್. ಜನವರಿಯಲ್ಲಿ ಹೊರಟು ಫುಕೆಟ್, ಅಂಡಮಾನ್, ಶ್ರೀಲಂಕಾದ ಗಾಲ್, ಮಾಲ್ಡೀವ್ಸ್ ಮುಗಿಸಿಕೊಂಡು ಕೊಚ್ಚಿಗೆ ಬರಬೇಕು ಅಂತ ಆಸೆ. ನಾನು, ನನ್ನ ಹೆಂಡತಿ, 12 ಮತ್ತು 8 ವರ್ಷದ ಮಕ್ಕಳು. ನಮ್ಮ ಹತ್ತಿರ ಇರುವುದು ಇಷ್ಟು: ಟ್ಯಾಬ್‌ನಲ್ಲಿ ಒಂದು ಆಪ್. ಮರೀನಾದ ಪುಸ್ತಕದ ಕಪಾಟಿನಲ್ಲಿ ಸಿಕ್ಕ 2001ರ ಗೈಡ್‌ಬುಕ್, ಅದರಲ್ಲಿ ಅಂಡಮಾನಿನ ಲಂಗರು ಜಾಗಗಳ ಚಿತ್ರ ಆಳದ ಸಮೇತ ತುಂಬಾ ಚೆನ್ನಾಗಿದೆ. ಮತ್ತೆ ವಾಟ್ಸಾಪಿನಲ್ಲಿ ಬಂದ 'ಇಡೀ ಪ್ರಪಂಚದ ಚಾರ್ಟ್' ಅನ್ನುವ ಫೈಲ್. ಇಷ್ಟು ಸಾಕಾ?

ಕ್ಯಾಪ್ಟನ್: ಸಾಲದು. ಸಂಜೆ ಕೂತು ಉದ್ದಕ್ಕೆ ಬರೆಯುತ್ತೇನೆ. ಅಷ್ಟರೊಳಗೆ ಎರಡು ಕೆಲಸ ಮಾಡಿ. ಆ ವಾಟ್ಸಾಪ್ ಫೈಲನ್ನು ಅಳಿಸಿ. ಆ ಪುಸ್ತಕದ ಅಂಡಮಾನ್ ಪುಟಗಳಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ನಾನು ಹೇಳುವ ತನಕ ಬಿಚ್ಚಬೇಡಿ.

ಬೆಳಗಾವಿ ಸದಸ್ಯ: ನನಗೆ ಬಂದದ್ದನ್ನು ಹಾಗೇ ಹಾಕುತ್ತಿದ್ದೇನೆ. 'ಜಿಪಿಎಸ್ ಈಗ 3 ಮೀಟರ್‌ವರೆಗೆ ನಿಖರ. ಆದ್ದರಿಂದ ದ್ವೀಪಗಳಲ್ಲಿ ಚಾರ್ಟ್ ಬೇಕಾಗಿಲ್ಲ. ನೀಲಿ ನೀರು ಆಳ, ಹಸಿರು ನೀರು ಸುರಕ್ಷಿತ, ಕಂದು ನೀರು ಅಪಾಯ. ಇಷ್ಟು ನೆನಪಿಟ್ಟರೆ ಸಾಕು. ಎಲ್ಲರಿಗೂ ಕಳಿಸಿ.'

ಕ್ಯಾಪ್ಟನ್: ದಯವಿಟ್ಟು ಯಾರಿಗೂ ಕಳಿಸಬೇಡಿ. ಜಿಪಿಎಸ್ ನೀವು ಎಲ್ಲಿದ್ದೀರಿ ಅಂತ ಹೇಳುತ್ತದೆ. ಬಂಡೆ ಎಲ್ಲಿದೆ ಅಂತ ಹೇಳುವುದಿಲ್ಲ. ಬಂಡೆಯನ್ನು ಚಾರ್ಟಿನ ಮೇಲೆ ಇಟ್ಟವನು ಎಷ್ಟೋ ಕಡೆ ಉಪಗ್ರಹ ಹುಟ್ಟುವ ಮೊದಲಿನವನು. ಸೂರ್ಯ, ನಕ್ಷತ್ರದ ಎತ್ತರ ಅಳೆಯುವ ಸೆಕ್ಸ್ಟೆಂಟ್ ಹಿಡಿದು, ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಮಾರಿನ ಲೆಕ್ಕದಲ್ಲಿ ಆಳ ಅಳೆದವನು. ಅವನ ದ್ವೀಪ ಚಾರ್ಟಿನಲ್ಲಿ ಅಕ್ಷಾಂಶದ 0.1 ಮಿನಿಟು (60 ಮಿನಿಟು ಅಂದರೆ ಒಂದು ಡಿಗ್ರಿ) ಪಕ್ಕಕ್ಕೆ ಕೂತಿದ್ದರೆ ನಿಜದಲ್ಲಿ 185 ಮೀಟರ್ ಪಕ್ಕಕ್ಕೆ. ಹವಳದ ದಿಬ್ಬದ ನಡುವಿನ ಬಾಗಿಲು ಕೆಲವು ಕಡೆ ಅಷ್ಟೂ ಅಗಲ ಇರುವುದಿಲ್ಲ. ನಿಮ್ಮ 3 ಮೀಟರ್ ನಿಖರತೆಯನ್ನು ಇಟ್ಟುಕೊಂಡೇ ನೇರವಾಗಿ ಬಂಡೆ ಹತ್ತುತ್ತೀರಿ.

ಹಸಿರು ನೀರು ಸುರಕ್ಷಿತ ಅನ್ನುವುದಂತೂ ಪೂರ್ತಿ ತಪ್ಪು. ಬಣ್ಣ ನೋಡುವುದು ಒಂದು ವಿದ್ಯೆ, ನಾನೂ ಅದನ್ನೇ ನಂಬುತ್ತೇನೆ. ಆದರೆ ಸೂರ್ಯ ಎತ್ತರದಲ್ಲಿ, ನಿಮ್ಮ ಬೆನ್ನ ಹಿಂದೆ ಇರಬೇಕು. ಬೆಳಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ. ಪೋಲರಾಯ್ಡ್ ಕನ್ನಡಕ ಹಾಕಿದ ಒಬ್ಬರು ಮುಂದೆ ನಿಂತಿರಬೇಕು. ಒಂದು ಮೋಡ ಬಂದರೆ ಸಾಕು, ಎಲ್ಲವೂ ಬೂದಿ ಬಣ್ಣ. ಹಸಿರು ಅಂದರೆ ಮರಳಿನ ಮೇಲೆ ನೀರು ಕಮ್ಮಿ ಆಗುತ್ತಿದೆ ಅಂತ. ಅದು 8 ಮೀಟರೋ 2 ಮೀಟರೋ ಅಂತ ಹೇಳುವಷ್ಟು ಕಣ್ಣು ಪಳಗಲು ತಿಂಗಳುಗಳು ಬೇಕು.

ನ್ಯೂಜೆರ್ಸಿ ಸದಸ್ಯೆ: ಸರ್, ನಾವು ನಾಲ್ಕು ಜನ ಗೆಳತಿಯರು ಕೆರಿಬಿಯನ್ನಿನ ಗ್ರೆನಡೀನ್ಸ್ ದ್ವೀಪಗಳಲ್ಲಿ ಒಂದು ವಾರ ದೋಣಿ ಬಾಡಿಗೆಗೆ ತಗೊಳ್ಳುತ್ತೇವೆ. ಗೈಡ್‌ಬುಕ್ ಹಳೆಯದಾದರೆ ಪರವಾಗಿಲ್ವಾ? 2019ರದ್ದು ಇದೆ.

ಕ್ಯಾಪ್ಟನ್: ಇಲ್ಲ, ಹಳೆಯದು ನಡೆಯುವುದಿಲ್ಲ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಅಲ್ಲಿನ ಕ್ಯಾರಿಯಾಕೂ ದ್ವೀಪದ ಮೇಲೆ ಹಾದುಹೋಯಿತು. ಯೂನಿಯನ್ ದ್ವೀಪವೂ ನೆಲಸಮ ಆದಂತೆಯೇ ಆಯಿತು. ನಿಮ್ಮ ಪುಸ್ತಕದಲ್ಲಿರುವ ಜೆಟ್ಟಿ, ಅಂಗಡಿ, ನೀರು ತುಂಬುವ ಜಾಗ ಇವತ್ತು ಹಾಗೇ ಇವೆ ಅಂತ ನಂಬಬೇಡಿ. ಅದಾದ ಮೇಲೆ ಬಂದ ಆವೃತ್ತಿ ಕೊಳ್ಳಿ. ಬಾಡಿಗೆ ಕೊಡುವವರ ದೋಣಿಯಲ್ಲಿ ಚಾರ್ಟ್ ಇರುತ್ತದೆ, ಅದು ಯಾವ ವರ್ಷದ್ದು ಅಂತ ದುಡ್ಡು ಕಟ್ಟುವ ಮೊದಲೇ ಕೇಳಿ.

ದಾವಣಗೆರೆ ಸದಸ್ಯ: ಸರ್ ಯಾವ ಆಪ್ ಒಳ್ಳೆಯದು?

ಕ್ಯಾಪ್ಟನ್: ಮೇಲೆ ಬರೆದಿದ್ದೇನೆ.

ಮಂಗಳೂರು ಬಂದರು: ಒಂದು ಮಾತು ಹೇಳಲೇಬೇಕು. ನಮ್ಮ ಅಜ್ಜ ಮಂಜಿಯಲ್ಲಿ (ಹಾಯಿಯ ಸರಕು ದೋಣಿ) ಅಕ್ಕಿ, ಹಂಚು ಹೇರಿಕೊಂಡು ಮಂಗಳೂರಿನಿಂದ ಲಕ್ಷದ್ವೀಪದ ಅಮಿನಿ, ಕಡಮತ್‌ಗೆ ಹೋಗಿ ಬರುತ್ತಿದ್ದರು. ಚಾರ್ಟೂ ಇಲ್ಲ, ಗೈಡೂ ಇಲ್ಲ. ನಕ್ಷತ್ರ, ಗಾಳಿ, ಹಕ್ಕಿ ನೋಡಿಯೇ ದಾರಿ. ಈಗಿನವರಿಗೆ ಎಲ್ಲದಕ್ಕೂ ಪುಸ್ತಕ ಬೇಕು.

ಪರ್ತ್ ಗೌಡ್ರು: ಅಭಿಲಾಷ್ ಟಾಮಿ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಜಿಪಿಎಸ್ ಇಲ್ಲದೆಯೇ ಪ್ರಪಂಚ ಸುತ್ತಿ 2023ರಲ್ಲಿ ಎರಡನೆಯವರಾಗಿ ಬಂದರಲ್ವಾ?

ಮಲ್ಪೆ ಹುಡುಗ: ಗೌಡ್ರೇ, ಅವರ ಹತ್ತಿರ ಕಾಗದದ ಚಾರ್ಟ್ ಇತ್ತು, ಸೆಕ್ಸ್ಟೆಂಟ್ ಇತ್ತು. ಚಾರ್ಟ್ ಇಲ್ಲದೆ ಹೋಗಲಿಲ್ಲ. ಅವರು ನೌಕಾಪಡೆಯಲ್ಲಿ ಕಲಿತು ಬಂದವರು. ಸುಮ್ನೆ ಹೋಲಿಸಬೇಡಿ.

ಪರ್ತ್ ಗೌಡ್ರು: ನಾನು ಹೋಲಿಸಿದ್ದು ಧೈರ್ಯವನ್ನು.

ಮಲ್ಪೆ ಹುಡುಗ: ಧೈರ್ಯಕ್ಕೆ ಬಂಡೆ ಸರಿದು ದಾರಿ ಬಿಡುವುದಿಲ್ಲ.

ಕ್ಯಾಪ್ಟನ್: ಮಂಗಳೂರಿನವರಿಗೆ. ನಿಮ್ಮ ಅಜ್ಜನ ಮೇಲೆ ನನಗೆ ಪೂರ್ತಿ ಗೌರವ ಇದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇವೆಲ್ಲ 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು, ಆ ದಾರಿ ನಮ್ಮವರಿಗೆ ಮನೆ ಅಂಗಳ. ಅವರು ಅದೇ ದಾರಿಯಲ್ಲಿ ಹುಡುಗನಾಗಿದ್ದಾಗಿನಿಂದ ಹೋಗಿಬಂದವರು. ತಂಡೇಲ (ದೋಣಿಯ ನಾಯಕ) ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ದ. ಚಾರ್ಟ್ ಅವರ ತಲೆಯಲ್ಲಿತ್ತು. ಇಲ್ಲಿ ಕೇಳುತ್ತಿರುವ ದಂಪತಿ ಆ ನೀರಿಗೆ ಮೊದಲ ಸಲ ಹೋಗುತ್ತಿದ್ದಾರೆ, ಎರಡು ಮಕ್ಕಳನ್ನು ಕರೆದುಕೊಂಡು. ಅವರಿಗೆ ಅಜ್ಜನ ಕಥೆ ಹೇಳಿ ಹುರುಪು ತುಂಬಬೇಡಿ.

ಮಂಗಳೂರು ಬಂದರು: ನಾನು ಅವರಿಗೆ ಹೇಳಿದ್ದಲ್ಲ. ಸಾಮಾನ್ಯವಾಗಿ ಹೇಳಿದೆ.

ಸಿಡ್ನಿ ಸದಸ್ಯ: ಸರ್, ಫಿಜಿ, ಟೋಂಗಾ ಕಡೆ ಹೋಗುವವರು ಉಪಗ್ರಹದ ಫೋಟೋಗಳನ್ನೇ ಚಾರ್ಟಿನ ತರಹ ಓಪನ್‌ಸಿಪಿಎನ್‌ಗೆ ಹಾಕಿಕೊಳ್ಳುತ್ತಾರೆ. ಅದು ಸರಿಯೇ?

ಕ್ಯಾಪ್ಟನ್: ಸರಿ, ಒಳ್ಳೆಯ ಪ್ರಶ್ನೆ. ನಾನೂ ಮಾಡಿದ್ದೇನೆ. ಫೋಟೋದಲ್ಲಿ ದಿಬ್ಬದ ಅಂಚು ಅದರ ನಿಜವಾದ ಜಾಗದ ಹತ್ತಿರವೇ ಇರುತ್ತದೆ, ಚಾರ್ಟಿನಲ್ಲಿ ಪಕ್ಕಕ್ಕೆ ಸರಿದಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಆದರೆ ಮೂರು ವಿಷಯ. ಫೋಟೋದಲ್ಲಿ ಆಳದ ಸಂಖ್ಯೆ ಇಲ್ಲ. ಮೋಡದ ನೆರಳೂ ಬಂಡೆಯೂ ಒಂದೇ ತರಹ ಕಾಣಬಹುದು. ನೀರು ಕದಡಿದ್ದ ದಿನ ತೆಗೆದ ಫೋಟೋದಲ್ಲಿ ಏನೂ ಕಾಣುವುದಿಲ್ಲ, ಏನೂ ಕಾಣದ್ದನ್ನು ಜನ ಆಳ ಅಂದುಕೊಳ್ಳುತ್ತಾರೆ. ಹಾಗಾಗಿ ಚಾರ್ಟ್ ಒಂದು ಕಡೆ, ಫೋಟೋ ಒಂದು ಕಡೆ ಇಟ್ಟು ಎರಡನ್ನೂ ನೋಡಿ. ಎರಡೂ ಒಪ್ಪದ ಜಾಗಕ್ಕೆ ಹೋಗಬೇಡಿ.

ಹುಬ್ಬಳ್ಳಿ ಸದಸ್ಯೆ: ಸಮುದ್ರದಲ್ಲಿ ವಾಂತಿ ಬರದ ಹಾಗೆ ಏನು ಮಾಡಬೇಕು ಸರ್? ಶುಂಠಿ ಒಳ್ಳೆಯದು ಅಂತಾರೆ.

ದುಬೈ ಸದಸ್ಯ: ದೋಣಿಯಲ್ಲಿ ನಾಯಿ ಕರೆದುಕೊಂಡು ಮಾಲ್ಡೀವ್ಸ್‌ಗೆ ಹೋಗಬಹುದಾ?

ಕ್ಯಾಪ್ಟನ್: ಲಂಕಾವಿ ದಂಪತಿಗೆ. ಪೂರ್ತಿ ಓದಿ, ಹೆಂಡತಿಗೂ ಓದಿಸಿ.

ಮೊದಲು ಅಂಡಮಾನ್. 2004ರ ಡಿಸೆಂಬರ್ 26 ಎಲ್ಲರಿಗೂ ಸುನಾಮಿ ಅಂತ ನೆನಪಿದೆ. ಅಲೆ ಬಂತು, ಹೋಯಿತು. ಆದರೆ ಆ ಭೂಕಂಪದಲ್ಲಿ ಕದಲಿದ ನೆಲ ಹಳೆಯ ಜಾಗಕ್ಕೆ ವಾಪಸ್ ಬರಲಿಲ್ಲ. ನಿಕೋಬಾರಿನ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಜಾಸ್ತಿ ಕುಸಿಯಿತು, ದೀಪಸ್ತಂಭದ ಬುಡಕ್ಕೆ ಸಮುದ್ರ ಬಂತು. ಪೋರ್ಟ್ ಬ್ಲೇರ್ ಸುತ್ತಲೂ ನೆಲ ತಗ್ಗಿತು, ಈಗ ಅದರ ಹೆಸರು ಶ್ರೀ ವಿಜಯ ಪುರಂ. ಪಶ್ಚಿಮದ ಕಡೆ ಉಲ್ಟಾ ಆಯಿತು. ನಾರ್ತ್ ಸೆಂಟಿನೆಲ್ ಸುತ್ತ ಹವಳದ ದಿಬ್ಬ ಒಂದೆರಡು ಮೀಟರ್ ಮೇಲೆದ್ದು ಬಿಸಿಲಿಗೆ ಒಣಗಿ ಸತ್ತಿತು. (ಆ ದ್ವೀಪದ ಹತ್ತಿರ ಹೋಗುವುದು ಹೇಗೂ ನಿಷಿದ್ಧ, ಸುತ್ತ 5 ನಾಟಿಕಲ್ ಮೈಲಿ.)

ಈಗ ನಿಮ್ಮ ಪುಸ್ತಕ 2001ರದ್ದು. ಅದರಲ್ಲಿ ಒಂದು ಕೊಲ್ಲಿಯ ಆಳ 3 ಮೀಟರ್ ಅಂತ ಬರೆದಿದೆ ಅಂದುಕೊಳ್ಳಿ. ಅಲ್ಲಿ ನೆಲ 1.2 ಮೀಟರ್ ಎದ್ದಿದ್ದರೆ ಉಳಿಯುವುದು 1.8. ನಿಮ್ಮ ಡ್ರಾಫ್ಟ್ 1.9. ಪುಸ್ತಕ ಬರೆದವರು ಸುಳ್ಳು ಬರೆದಿಲ್ಲ. ಅವರು ಅಳೆದ ದಿನ ಅಲ್ಲಿ 3 ಮೀಟರೇ ಇತ್ತು. ಎಲ್ಲ ಕಡೆ ಒಂದೇ ಅಳತೆ ಕಳೆದರೆ ಸರಿಹೋಗುತ್ತದೆ ಅಂತಲೂ ಅಲ್ಲ, ಒಂದು ಕಡೆ ಎದ್ದಿದೆ, ಇನ್ನೊಂದು ಕಡೆ ಕುಸಿದಿದೆ. ಅದಕ್ಕೇ ರಬ್ಬರ್ ಬ್ಯಾಂಡ್ ಹಾಕಿ ಅಂದದ್ದು. ಈಗ ಬಿಚ್ಚಬಹುದು. ಪುಸ್ತಕ ಎಸೆಯಬೇಡಿ. ಯಾವ ಕೊಲ್ಲಿ ಈಶಾನ್ಯ ಗಾಳಿಗೆ ಮರೆ ಕೊಡುತ್ತದೆ, ಯಾವ ಗುಡ್ಡವನ್ನು ಗುರುತು ಇಟ್ಟುಕೊಂಡು ಒಳಗೆ ಬರಬೇಕು, ಅದೆಲ್ಲ ಇನ್ನೂ ಉಪಯೋಗಕ್ಕೆ ಬರುತ್ತದೆ. ಆಳದ ಸಂಖ್ಯೆಗಳನ್ನು ಮಾತ್ರ ಪೆನ್ನಿನಿಂದ ಹೊಡೆದುಹಾಕಿ. ಈಗಲೇ, ಮನೆಯಲ್ಲೇ. ಲಂಗರು ಹಾಕುವ ಗಡಿಬಿಡಿಯಲ್ಲಿ ಮನುಷ್ಯನ ಕಣ್ಣು ಅಚ್ಚಾದ ಸಂಖ್ಯೆಯನ್ನೇ ಹುಡುಕುತ್ತದೆ.

ಅಂಡಮಾನಿಗೆ ಮೂಲ ಚಾರ್ಟ್ ಡೆಹ್ರಾಡೂನಿನ ನ್ಯಾಷನಲ್ ಹೈಡ್ರೋಗ್ರಾಫಿಕ್ ಆಫೀಸಿನದ್ದು. ಫುಕೆಟ್‌ನಿಂದ ಅಲ್ಲಿಗೆ ಸುಮಾರು 400 ಮೈಲಿ (ನಾನು ಮೈಲಿ ಅಂದರೆ ನಾಟಿಕಲ್ ಮೈಲಿ, 1852 ಮೀಟರ್), ಆ ದಾರಿಗೆ ದೊಡ್ಡ ಪ್ರದೇಶದ ಒಂದು ಹಾಳೆ ಸಾಕು. ಆದರೆ ಲಂಗರು ಹಾಕುವ ಪ್ರತಿ ಜಾಗಕ್ಕೂ ಸಿಗುವುದರಲ್ಲಿ ಅತಿ ಹೆಚ್ಚು ವಿವರ ಇರುವ ಹಾಳೆ ಬೇಕು. ಯಾಕೆ ಅಂತ ಹೇಳುತ್ತೇನೆ. 1:300,000 ಹಾಳೆಯಲ್ಲಿ ಒಂದು ಮಿಲಿಮೀಟರ್ ಅಂದರೆ 300 ಮೀಟರ್. ಮೊಂಡು ಪೆನ್ಸಿಲಿನ ಗೆರೆಯ ಅಗಲದಲ್ಲೇ ನಿಮ್ಮ ದೋಣಿ, ಬಾಗಿಲು, ಎರಡೂ ಬದಿಯ ಬಂಡೆ ಎಲ್ಲ ಮುಚ್ಚಿಹೋಗುತ್ತದೆ.

ಹಾಳೆ ಕೈಗೆ ಬಂದ ಕೂಡಲೇ ಆಳ ಓದಬೇಡಿ. ಮೂಲೆಯಲ್ಲಿ ಪುಟ್ಟ ಚೌಕದಲ್ಲಿ ಯಾವ ಭಾಗವನ್ನು ಯಾವ ವರ್ಷ ಅಳೆದರು ಅಂತ ಇರುತ್ತದೆ, ಅದನ್ನು ಓದಿ. ಎಲೆಕ್ಟ್ರಾನಿಕ್ ಚಾರ್ಟಿನಲ್ಲಿ ಅದೇ ವಿಷಯ ನಕ್ಷತ್ರಗಳ ಗುರುತಿನಲ್ಲಿ ಬರುತ್ತದೆ. ಆರು ನಕ್ಷತ್ರ ಇದ್ದರೆ ಜಾಗ 5 ಮೀಟರಿನೊಳಗೆ ಸರಿ. ಮೂರು ನಕ್ಷತ್ರಕ್ಕೆ 500 ಮೀಟರ್ ತನಕ ಆಚೀಚೆ ಇರಬಹುದು. ಎರಡು ನಕ್ಷತ್ರ ಅಂದರೆ ಅದಕ್ಕಿಂತಲೂ ಕೆಟ್ಟದು. ನಿಮ್ಮ ಆಪ್ ಇದನ್ನು ತೋರಿಸದಿದ್ದರೆ ಅದರ ಸುಂದರವಾದ ನೀಲಿ ಬಣ್ಣವನ್ನು ಯಾರು ಯಾವಾಗ ಅಳೆದರು ಅಂತ ನಿಮಗೆ ಗೊತ್ತಾಗುವ ದಾರಿಯೇ ಇಲ್ಲ.

ಮಾಲ್ಡೀವ್ಸ್ ನಾಳೆ ಬರೆಯುತ್ತೇನೆ.

ಕಲಬುರಗಿ ಸದಸ್ಯ: ಸರ್ ಇಷ್ಟೊಂದು ಚಾರ್ಟ್ ಕೊಳ್ಳಲು ಸಾಮಾನ್ಯರಿಗೆ ಆಗುತ್ತಾ? ದೊಡ್ಡ ಪ್ರದೇಶದ ಒಂದು ಹಾಳೆ ಇಟ್ಟುಕೊಂಡು ಹುಷಾರಾಗಿ ಹೋದರೆ ಸಾಲದೇ?

ಕ್ಯಾಪ್ಟನ್: 2020ರ ಜುಲೈ 25ರಂದು ವಕಾಶಿಯೋ ಅನ್ನುವ 300 ಮೀಟರ್ ಉದ್ದದ ಹಡಗು ಮಾರಿಷಸ್‌ನ ದಿಬ್ಬಕ್ಕೆ ಏರಿತು. ಮೊಬೈಲ್ ಸಿಗ್ನಲ್‌ಗಾಗಿ ದಡದ ಹತ್ತಿರ ಬಂದಿದ್ದರು. ಹತ್ತಿರ ಬರುವಾಗ ದಡದ ದೂರ, ಆಳ ತಿಳಿಯುವಷ್ಟು ವಿವರದ ಚಾರ್ಟ್ ಅವರ ಬಳಿ ಇರಲಿಲ್ಲ. ಸುಮಾರು ಸಾವಿರ ಟನ್ ಎಣ್ಣೆ ಸಮುದ್ರಕ್ಕೆ ಹೋಯಿತು. ಒಂದು ಹಾಳೆಯ ಬೆಲೆಯನ್ನು ಇದರ ಪಕ್ಕ ಇಟ್ಟು ನೋಡಿ.

ಮಂಗಳೂರು ಬಂದರು: ಕಾಗದ ಕಾಗದ ಅಂತೀರಿ, ಕಾಗದದ ಚಾರ್ಟೇ ನಿಲ್ಲಿಸುತ್ತಿದ್ದಾರಲ್ಲ?

ಸಿಂಗಾಪುರ ಕನ್ನಡಿಗ: ಹೌದು, ನೋವಾ 2025ರ ಜನವರಿ ಹೊತ್ತಿಗೆ ಹಳೆಯ ಕಾಗದದ ಚಾರ್ಟುಗಳನ್ನು ಪೂರ್ತಿ ನಿಲ್ಲಿಸಿತು. ಕಾಲ ಬದಲಾಗಿದೆ. ಟ್ಯಾಬ್ ಎರಡು ಇಟ್ಟುಕೊಂಡರೆ ಮುಗಿಯಿತು.

ಮಲ್ಪೆ ಹುಡುಗ: ಟ್ಯಾಬ್ ಬಿಸಿಲಿಗೆ ಆಫ್ ಆಗುತ್ತದೆ. ನಮ್ಮ ಬೋಟಿನಲ್ಲಿ ದಿನಾ ನೋಡುತ್ತೇನೆ.

ಸಿಂಗಾಪುರ ಕನ್ನಡಿಗ: ನೆರಳಲ್ಲಿ ಇಡಿ. ಇದೂ ಹೇಳಿಕೊಡಬೇಕಾ?

ಮಲ್ಪೆ ಹುಡುಗ: ಬಂಡೆ ನೋಡುವಾಗ ಬಿಸಿಲಲ್ಲೇ ನಿಲ್ಲಬೇಕು ಸ್ವಾಮಿ. ಎಷ್ಟು ಸಲ ನೀವೇ ದೋಣಿ ನಡೆಸಿದ್ದೀರಿ ಅಂತ ಕೇಳಬಹುದಾ?

ಸಿಂಗಾಪುರ ಕನ್ನಡಿಗ: ಅದು ನಿಮಗೆ ಬೇಡದ ವಿಷಯ.

ಅಡ್ಮಿನ್: ಇಬ್ಬರೂ ನಿಲ್ಲಿಸಿ ದಯವಿಟ್ಟು.

ಕ್ಯಾಪ್ಟನ್: ಬ್ರಿಟನ್ನಿನ ಸರ್ಕಾರಿ ಚಾರ್ಟ್ ತಯಾರಿಸುವ ಅಡ್ಮಿರಾಲ್ಟಿಯವರು ಕಾಗದದ ಚಾರ್ಟನ್ನು 2026ಕ್ಕೆ ನಿಲ್ಲಿಸುತ್ತೇವೆ ಅಂದಿದ್ದರು, ಆಮೇಲೆ ಕನಿಷ್ಠ 2030ರ ತನಕ ಮುಂದೂಡಿದರು. ಸಿಗುವ ತನಕ ಕೊಳ್ಳಿ. ಸಿಡಿಲು ಒಂದು ಸಲ ಹಾಯಿಕಂಬಕ್ಕೆ ಬಡಿದರೆ ಪ್ಲಾಟರ್, ಟ್ಯಾಬ್, ಜಿಪಿಎಸ್, ಸೌಂಡರ್ (ಆಳ ಅಳೆಯುವ ಸಾಧನ) ಎಲ್ಲ ಒಂದೇ ಕ್ಷಣಕ್ಕೆ ಹೋಗಬಹುದು. ಎರಡನೇ ಟ್ಯಾಬೂ ಅದೇ ದೋಣಿಯಲ್ಲೇ ಇರುತ್ತದೆ. ಸಿಡಿಲು ಶುರುವಾದರೆ ಒಂದು ಜಿಪಿಎಸ್, ಒಂದು ಫೋನನ್ನು ಅಡುಗೆ ಓವನ್ನಿನೊಳಗೆ ಇಡಿ, ಲೋಹದ ಪೆಟ್ಟಿಗೆ ಕಾಪಾಡುವ ಸಾಧ್ಯತೆ ಇದೆ. ಓವನ್ ಹಚ್ಚುವ ಮೊದಲು ತೆಗೆಯಿರಿ.

ಟ್ಯಾಬ್ ನಂಬುವವರಿಗೆ ಇನ್ನೊಂದು. 2014ರ ನವೆಂಬರ್ 29ರ ರಾತ್ರಿ, ವೋಲ್ವೋ ಓಷನ್ ರೇಸಿನಲ್ಲಿ ವೆಸ್ಟಾಸ್ ವಿಂಡ್ ಅನ್ನುವ ದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಾಜೋಸ್ ದಿಬ್ಬಕ್ಕೆ ಪೂರ್ತಿ ವೇಗದಲ್ಲಿ ನುಗ್ಗಿತು. ಒಂಬತ್ತು ಜನ, ಎಲ್ಲರೂ ಪಳಗಿದವರು. ಪುಣ್ಯಕ್ಕೆ ಎಲ್ಲರೂ ಉಳಿದರು. ದಿಬ್ಬ ಅವರ ಎಲೆಕ್ಟ್ರಾನಿಕ್ ಚಾರ್ಟಿನಲ್ಲಿ ಇತ್ತು. ಅವರು ನೋಡಿದ ಜೂಮಿನಲ್ಲಿ ಅದು ದಿಬ್ಬದ ಹಾಗೆ ಕಾಣಲಿಲ್ಲ. ಕಾಗದ ಹೀಗೆ ಮಾಡುವುದಿಲ್ಲ. ಅದರಲ್ಲಿ ಇರುವುದೆಲ್ಲ ಯಾವಾಗಲೂ ಕಾಣುತ್ತಿರುತ್ತದೆ.

ದಾವಣಗೆರೆ ಸದಸ್ಯ: ಸರ್ ಆಂಡ್ರಾಯ್ಡ್‌ಗೆ ಯಾವ ಆಪ್?

ಕ್ಯಾಪ್ಟನ್: ಮೇಲೆ ನೋಡಿ.

ಬೆಳಗಾವಿ ಸದಸ್ಯ: ಇದು ಈಗಷ್ಟೇ ಬಂತು: 'ಹವಳದ ದಿಬ್ಬದ ಹತ್ತಿರ ದೋಣಿಯ ಸೌಂಡರ್ 5 ತೋರಿಸುವ ತನಕ ಭಯವಿಲ್ಲ.'

ಕ್ಯಾಪ್ಟನ್: ನಿನ್ನೆಯೂ ಹೇಳಿದೆ, ಇವನ್ನು ಇಲ್ಲಿ ಹಾಕಬೇಡಿ. 5 ಏನು? ಮೀಟರೋ, ಅಡಿಯೋ, ಮಾರೋ? ಮೀಟರಿನಲ್ಲಿ ಬರೆದ ಗೈಡ್ ಓದಿಕೊಂಡು ಅಡಿಯಲ್ಲಿ ಇಟ್ಟ ಸೌಂಡರ್ ನೋಡಿ ತಳದ ಕೀಲ್ ಮುರಿದುಕೊಂಡ ದೋಣಿಯನ್ನು ನಾನೇ ಎಳೆದು ತಂದಿದ್ದೇನೆ. ಅಲ್ಲದೆ ಸೌಂಡರ್ ತೋರಿಸುವುದು ನಿಮ್ಮ ಕೆಳಗಿನ ಆಳ, ಮುಂದಿನದ್ದಲ್ಲ. ಹವಳ ಗೋಡೆಯ ಹಾಗೆ ನೆಟ್ಟಗೆ ಏಳುತ್ತದೆ. 40 ಮೀಟರ್ ಇದ್ದದ್ದು ದೋಣಿಯ ಉದ್ದದಷ್ಟು ದೂರದಲ್ಲಿ 1 ಮೀಟರ್ ಆಗಬಹುದು. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಇಲ್ಲಿ ಬರೆಯುವುದಿಲ್ಲ.

ಬೆಳಗಾವಿ ಸದಸ್ಯ: ಒಳ್ಳೆಯದಕ್ಕೆ ಹಾಕಿದ್ದು. ಇಷ್ಟು ಕೋಪ ಯಾಕೆ?

ಪರ್ತ್ ಗೌಡ್ರು: ಉತ್ತರ ಕೊಡಲು ಬಂದವರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಬೇಕು.

ಕ್ಯಾಪ್ಟನ್: ಲಂಕಾವಿ ದಂಪತಿಗೆ, ಮಾಲ್ಡೀವ್ಸ್.

ಅಲ್ಲಿನ ಮೊದಲ ಪೂರ್ಣ ಸರ್ವೆ ಮಾಡಿದವನು ರಾಬರ್ಟ್ ಮೋರ್ಸ್‌ಬಿ, 1834ರಿಂದ 36ರ ನಡುವೆ. ನೂರೈವತ್ತು ವರ್ಷ ಹಡಗುಗಳು ಅವನ ಕೆಲಸವನ್ನೇ ನಂಬಿ ಓಡಾಡಿದವು. ಅಷ್ಟು ಒಳ್ಳೆಯ ಕೆಲಸ. ಆದರೂ ಹಳೆಯ ಹಾಳೆ ಸಿಕ್ಕರೆ ಅದನ್ನು ಗೋಡೆಗೆ ಹಾಕಿ, ದೋಣಿಗೆ ಹೊಸದು ತನ್ನಿ. ಅಡ್ಮಿರಾಲ್ಟಿಯ ವೆಸ್ಟ್ ಕೋಸ್ಟ್ ಆಫ್ ಇಂಡಿಯಾ ಪೈಲಟ್ ಅನ್ನುವ ಮಾರ್ಗದರ್ಶಿ ಪುಸ್ತಕ ಮಾಲ್ಡೀವ್ಸನ್ನೂ ಒಳಗೊಳ್ಳುತ್ತದೆ. ಅದು ದೊಡ್ಡ ಹಡಗಿನವರಿಗೆ ಬರೆದದ್ದು, 2 ಮೀಟರ್ ಡ್ರಾಫ್ಟಿನವರು ಎಲ್ಲಿ ಮಲಗಬೇಕು ಅಂತ ಅದರಲ್ಲಿ ಹುಡುಕಬೇಡಿ. ಪ್ರವಾಹ, ಗಾಳಿ, ದೀಪಗಳಿಗೆ ಅದನ್ನು ನೋಡಿ. ಲಂಗರು ಜಾಗಕ್ಕೆ ಇತ್ತೀಚೆಗೆ ಹೋಗಿಬಂದ ದೋಣಿಯವರ ಟಿಪ್ಪಣಿ ಹುಡುಕಿ. ನೂನ್‌ಸೈಟ್, ನೋಫಾರಿನ್‌ಲ್ಯಾಂಡ್ ತರಹದ ಕಡೆ ಸಿಗುತ್ತವೆ. ಪ್ರತಿ ಟಿಪ್ಪಣಿಯಲ್ಲೂ ತಾರೀಕು ಮತ್ತು ಆ ದೋಣಿಯ ಡ್ರಾಫ್ಟ್ ನೋಡಿ. 'ಸುಲಭವಾಗಿ ಒಳಗೆ ಬಂದೆವು' ಅಂತ ಬರೆದವರದ್ದು ಒಂದು ಮೀಟರ್ ಡ್ರಾಫ್ಟಿನ ಕ್ಯಾಟಮರಾನ್ ಇರಬಹುದು.

ಚಾರ್ಟ್ ಓದಲು ಅಲ್ಲಿನ ನಾಲ್ಕು ಮಾತು ಕಲಿಯಿರಿ. ಕಂದು ಅಂದರೆ ದ್ವೀಪಗಳ ನಡುವಿನ ಆಳದ ಕಾಲುವೆ. ಫರು ಅಂದರೆ ಉದ್ದನೆಯ ದಿಬ್ಬ. ತಿಲ ಅಂದರೆ ನೀರಿನೊಳಗೇ ಕೆಲವು ಮೀಟರ್ ಕೆಳಗೆ ನಿಂತ ದಿಬ್ಬ. ಗಿರಿ ಅಂದರೆ ಹೆಚ್ಚು ಕಮ್ಮಿ ನೀರಿನ ಮಟ್ಟಕ್ಕೇ ಬಂದದ್ದು. ನಮ್ಮ ಗಿರಿ ಕಣ್ಣಿಗೆ ಕಾಣುತ್ತದೆ, ಅವರ ಗಿರಿ ಕಾಣುವುದಿಲ್ಲ. ಮಕ್ಕಳಿಗೆ ಹೇಳಿಕೊಡಿ, ಅವರು ಮರೆಯುವುದಿಲ್ಲ. ಹಳೆಯ ಗೈಡಿನಲ್ಲಿ ಕಾರ್ಡಿವಾ ಚಾನೆಲ್ ಅಂತ ಇರುವುದು ಅಲ್ಲಿನವರಿಗೆ ಕಾಶಿದೂ ಕಂದು. ಎರಡೂ ಹೆಸರು ಹಾಳೆಯ ಮೇಲೆ ಬರೆದುಕೊಳ್ಳಿ.

ಈಗ ನನಗೆ ನಿಜವಾಗಿ ಚಿಂತೆ ಇರುವ ಜಾಗ. ಗಾಲ್‌ನಿಂದ ಉತ್ತರ ತುದಿಯ ಉಲಿಗಮುಗೆ ಸುಮಾರು 440 ಮೈಲಿ. 5 ನಾಟ್, ಅಂದರೆ ಗಂಟೆಗೆ 5 ಮೈಲಿ ವೇಗದಲ್ಲಿ 88 ಗಂಟೆ. ಸಂಜೆ 6ಕ್ಕೆ ಗಾಲ್ ಬಿಟ್ಟರೆ ನಾಲ್ಕನೇ ದಿನ ಬೆಳಗ್ಗೆ 10ಕ್ಕೆ ತಲುಪುತ್ತೀರಿ, ಅಲ್ಲಿನ ಗಡಿಯಾರದಲ್ಲಿ ಒಂಬತ್ತೂವರೆ. ನೀವು ಪಶ್ಚಿಮಕ್ಕೆ ಹೋಗುತ್ತಿರುತ್ತೀರಿ, ಸೂರ್ಯ ಬೆನ್ನಿಗೆ, ಏರುತ್ತಿರುತ್ತಾನೆ. ಇದಕ್ಕಿಂತ ಒಳ್ಳೆಯ ಬೆಳಕಿಲ್ಲ. ಅದೇ ಗಾಳಿ ಜೋರಾಗಿ 6 ನಾಟ್ ಸಿಕ್ಕರೆ 73 ಗಂಟೆಗೇ, ಅಂದರೆ ಹಿಂದಿನ ಸಂಜೆ ಕತ್ತಲಾದ ಮೇಲೆ ಮುಂದೆ ಬಂದು ನಿಲ್ಲುತ್ತೀರಿ. ಮಕ್ಕಳು ಸುಸ್ತಾಗಿರುತ್ತಾರೆ, ದಡದ ದೀಪ ಕಾಣುತ್ತಿರುತ್ತದೆ, ಆಪ್ ದಾರಿ ತೋರಿಸುತ್ತಿರುತ್ತದೆ. ಆಗ ಒಳಗೆ ಹೋಗಬೇಡಿ. ಹಾಯಿ ಇಳಿಸಿ, ಹತ್ತು ಮೈಲಿ ಹೊರಗೆ ರಾತ್ರಿ ಕಳೆಯಿರಿ. ಇದನ್ನು ಹೊರಡುವ ಮೊದಲೇ ಇಬ್ಬರೂ ಒಪ್ಪಿ ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಿ.

ದುಬೈ ಸದಸ್ಯ: ನಾಯಿ ವಿಷಯ ಯಾರೂ ಹೇಳಲಿಲ್ಲ.

ಮಂಗಳೂರು ಬಂದರು: ಲಕ್ಷದ್ವೀಪಕ್ಕೆ ನಮ್ಮದೇ ದೋಣಿಯಲ್ಲಿ ಹೋಗಲು ಪರ್ಮಿಟ್ ಹೇಗೆ ಸರ್?

ಅಡ್ಮಿನ್: ಪರ್ಮಿಟ್ ಪ್ರಶ್ನೆ ಬೇಡ ಅಂತ ಮೊದಲೇ ಹೇಳಿದ್ದೆವು.

ಲಂಕಾವಿ ದಂಪತಿ: ಸರ್, ಐದು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಪುಸ್ತಕದ ಆಳಗಳನ್ನೆಲ್ಲ ಹೊಡೆದುಹಾಕಿದೆವು. ಉಲಿಗಮು ಇರುವ ಅಟಾಲಿನ (ಹವಳದ ಉಂಗುರದಂಥ ದ್ವೀಪಗುಂಪು) ಹಾಳೆ ತರಿಸಿ ಊಟದ ಮೇಜಿನ ಮೇಲೆ ಹರಡಿ, ಆಪ್‌ನಲ್ಲಿ ಹಾಕಿಟ್ಟಿದ್ದ ದಾರಿಯನ್ನು ಪೆನ್ಸಿಲಿನಲ್ಲಿ ಎಳೆದೆವು. ಮಗಳು ಬೆರಳಿಟ್ಟು 'ಅಪ್ಪ, ಇಲ್ಲಿ ಗಿರಿ ಇದೆ' ಅಂದಳು. ಗೆರೆ ಅದರ ಅಂಚಿನ ಮೇಲೆಯೇ ಹೋಗಿತ್ತು. ಆಪ್‌ನಲ್ಲಿ ಮೂರು ಸಲ ಜೂಮ್ ಮಾಡಿದ ಮೇಲೆ ಅದು ಕಾಣಿಸಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕ್ಯಾಪ್ಟನ್: ದಾರಿ ಎಷ್ಟು ಸರಿಸಿದಿರಿ?

ಲಂಕಾವಿ ದಂಪತಿ: ಕಾಲು ಮೈಲಿ.

ಕ್ಯಾಪ್ಟನ್: ಆ ಜಾಗಕ್ಕೆ ಎಷ್ಟು ನಕ್ಷತ್ರ ಇದೆ ನೋಡಿ. ಮೂರಾದರೆ ಕಾಲು ಮೈಲಿ ಸಾಲದು, ಅದು 463 ಮೀಟರ್ ಅಷ್ಟೇ. ಅರ್ಧಕ್ಕೆ ಒಯ್ದು ಹಾಳೆಯ ಫೋಟೋ ಕಳಿಸಿ, ನೋಡುತ್ತೇನೆ. ಮಗಳಿಗೆ ಒಂದು ಪೋಲರಾಯ್ಡ್ ಕನ್ನಡಕ ತೆಗೆದುಕೊಡಿ.